ಟೈಮಿಂಗ್ ಬೆಲ್ಟ್ ಜೋಡಣೆ: ವಾಹನ ಮಾಲೀಕರು ಅರಿತಿರಬೇಕಾದ ಅಂಶಗಳು

ಸ್ವಂತ ವಾಹನದಲ್ಲಿ ಸರಕು ಸಾಗಿಸುವ ವರ್ತಕರು ದುರಸ್ತಿ ಬಿಲ್ಲಿನ ಮೊತ್ತವನ್ನು ಗಮನಿಸುವಷ್ಟು ಅದರ ಹಿಂದಿನ ಕೆಲಸವನ್ನು ಗಮನಿಸುವುದಿಲ್ಲ. ಟೈಮಿಂಗ್ ಬೆಲ್ಟಿನ ವಿಷಯದಲ್ಲಿ ಈ ಉದಾಸೀನತೆ ದುಬಾರಿಯಾಗಬಲ್ಲದು. 1984ರಿಂದ 2019ರವರೆಗೆ ತಯಾರಾಗಿ ಸಣ್ಣ ವ್ಯಾಪಾರಿಗಳಿಗೆ ನೆರವಾದ ಮಾರುತಿ ಓಮ್ನಿಯ 796 ಸಿ.ಸಿ. ಎಂಜಿನಿನಲ್ಲಿರುವುದು ಸರಪಳಿಯಲ್ಲ, ಹಲ್ಲುಗಳುಳ್ಳ ಈ ರಬ್ಬರ್ ಬೆಲ್ಟು.

ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಾಗ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಬೇಕು. ಈ ಹೊಂದಾಣಿಕೆಯನ್ನು ಕಾಯುವುದೇ ಬೆಲ್ಟಿನ ಕಾರ್ಯ. ಕ್ರ್ಯಾಂಕ್ ಚಕ್ರಕ್ಕೆ 20 ಹಲ್ಲುಗಳು, ಕ್ಯಾಮ್ ಚಕ್ರಕ್ಕೆ 40 ಹಲ್ಲುಗಳು ಇವೆಯೆಂದುಕೊಳ್ಳೋಣ. ಬೆಲ್ಟು ಒಂದು ಹಲ್ಲಿನಷ್ಟು ಸರಿದರೂ ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿಗಳ ವ್ಯತ್ಯಾಸವಾಗುತ್ತದೆ. ಆಗ ಎಂಜಿನಿನ ಶಕ್ತಿ ಕುಂದಿ ಇಂಧನ ವ್ಯಯ ಹೆಚ್ಚುತ್ತದೆ. ವ್ಯತ್ಯಾಸ ಇನ್ನೂ ಹೆಚ್ಚಾದರೆ, ಅನೇಕ ಬಗೆಯ ಎಂಜಿನುಗಳಲ್ಲಿ ಪಿಸ್ಟನ್ ತೆರೆದ ವಾಲ್ವಿಗೆ ಬಡಿದು ಅದನ್ನು ಬಾಗಿಸುತ್ತದೆ.

ಜೋಡಣೆಯ ಕ್ರಮ ಸ್ಥೂಲವಾಗಿ ಹೀಗಿದೆ:

1. ಮೊದಲ ಸಿಲಿಂಡರಿನ ಪಿಸ್ಟನ್ ಮೇಲ್ತುದಿಗೆ ಬರುವಂತೆ ಇರಿಸಿ, ಎರಡೂ ಚಕ್ರಗಳ ಗುರುತುಗಳನ್ನು ಎಂಜಿನಿನ ಮೇಲಿನ ಸ್ಥಿರ ಗುರುತುಗಳಿಗೆ ಸರಿಹೊಂದಿಸಬೇಕು.

2. ಬೆಲ್ಟನ್ನು ಮಡಿಸದೆ, ಎಣ್ಣೆ ತಾಗಿಸದೆ, ಸ್ಕ್ರೂ ಡ್ರೈವರಿನಿಂದ ಮೀಟದೆ ಕೂರಿಸಬೇಕು. ಟೆನ್ಷನರ್ ಇಲ್ಲದ ಪಾರ್ಶ್ವ ಬಿಗಿಯಾಗಿರಬೇಕು. ಸಡಿಲವೆಲ್ಲ ಟೆನ್ಷನರ್ ಇರುವ ಪಾರ್ಶ್ವಕ್ಕೆ ಬರಬೇಕು.

3. ಟೆನ್ಷನರನ್ನು ತಯಾರಕರ ಕೈಪಿಡಿಯಂತೆ ಹೊಂದಿಸಬೇಕು.

4. ಎಂಜಿನನ್ನು ಚಾಲೂ ಮಾಡುವ ಮುನ್ನ ಕ್ರ್ಯಾಂಕನ್ನು ಅದು ಸಹಜವಾಗಿ ತಿರುಗುವ ದಿಕ್ಕಿನಲ್ಲಿಯೇ ಪಾನಾದಿಂದ ಪೂರ್ಣ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ಪುನಃ ನೋಡಬೇಕು. ನಡುವೆ ತಡೆ ಕಂಡುಬಂದರೆ ಬಲ ಪ್ರಯೋಗಿಸದೆ ನಿಲ್ಲಿಸಿ ಪರಿಶೀಲಿಸಬೇಕು.

ಈ ನಾಲ್ಕನೆಯ ಹಂತವೇ ಅತಿ ಮುಖ್ಯವಾದುದು. ಅವಸರದಲ್ಲಿ ಬಿಟ್ಟುಹೋಗುವುದೂ ಇದೇ. ಆರಂಭದಲ್ಲಿ ಸರಿಯಾಗಿ ಕಂಡ ಗುರುತುಗಳು, ಸಡಿಲ ಸರಿದ ನಂತರ ತಪ್ಪಿರುವುದುಂಟು. ಬೆಲ್ಟಿನ ಮೇಲೆ ಮುದ್ರಿತವಾದ ಗೆರೆಗಳು ಎರಡು ಸುತ್ತಿನ ಬಳಿಕ ಹಿಂದಿನ ಸ್ಥಾನಕ್ಕೆ ಬಾರದಿದ್ದರೆ ಆತಂಕ ಬೇಡ; ಚಕ್ರಗಳ ಗುರುತುಗಳು ತಾಳೆಯಾಗುವುದೇ ಪ್ರಮಾಣ. ಅಂತಿಮ ಲೆಕ್ಕಪತ್ರಕ್ಕೆ ಮೊದಲು ತಾಳೆಪಟ್ಟಿ ಇರುವಂತೆ, ಚಾಲನೆಗೆ ಮೊದಲು ಈ ಪರೀಕ್ಷೆ.

ಪರೀಕ್ಷೆಗೆ ತಗಲುವುದು ಕೆಲವೇ ನಿಮಿಷಗಳು. ಅದನ್ನು ಕೈಬಿಟ್ಟು ವಾಲ್ವ್ ಬಾಗಿದರೆ ಸಿಲಿಂಡರ್ ಹೆಡ್ ಬಿಚ್ಚಬೇಕಾಗುತ್ತದೆ. ದುರಸ್ತಿಯ ಖರ್ಚಿನೊಡನೆ ವಾಹನ ನಿಂತ ದಿನಗಳ ವಹಿವಾಟೂ ನಷ್ಟವಾಗುತ್ತದೆ. ಆದ್ದರಿಂದ ಮಾಲೀಕರು ಎರಡು ಸುತ್ತಿನ ಪರೀಕ್ಷೆ ನಡೆದುದನ್ನು ಕೇಳಿ ತಿಳಿದು, ಅದನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳುವುದು ಒಳಿತು. ಬೆಲ್ಟು ಬದಲಾಯಿಸಿದ ವೆಚ್ಚವನ್ನು ಸಾಮಾನ್ಯವಾಗಿ ವಾಹನ ದುರಸ್ತಿ ಖಾತೆಗೆ ಖರ್ಚು ಹಾಕಲಾಗುತ್ತದೆ. ಅದರೊಡನೆ ದಿನಾಂಕ ಹಾಗೂ ಓಡಿದ ಕಿಲೋಮೀಟರುಗಳನ್ನೂ ದಾಖಲಿಸಿದರೆ, ಮುಂದಿನ ಬದಲಾವಣೆಯ ಅವಧಿಯನ್ನು ಕೈಪಿಡಿಯೊಂದಿಗೆ ಹೋಲಿಸಿ ನಿರ್ಧರಿಸಲು ಅನುಕೂಲವಾಗುತ್ತದೆ.