ಕುದುರೆಮುಖದ ಬೆಟ್ಟಸಾಲು

ರಜಾದಿನಗಳಲ್ಲಿ ಹೆಣ್ಣುಮಕ್ಕಳನ್ನು ಬೆಟ್ಟದ ಪ್ರವಾಸಕ್ಕೆ ಕಳುಹಿಸಬಹುದೇ ಎಂದು ಕೆಲವು ತಾಯಂದಿರು ನನ್ನನ್ನು ಕೇಳುವುದುಂಟು. ಕಳುಹಿಸಬಹುದು, ಆದರೆ ಹೋಗುವ ಸ್ಥಳವನ್ನು ಕುರಿತು ಮೊದಲು ಸ್ವಲ್ಪ ಕಲಿತುಕೊಂಡಿರಬೇಕು. ಆದುದರಿಂದ ನಾನು ಕಂಡ ಕುದುರೆಮುಖವನ್ನು ಕುರಿತು ಇಲ್ಲಿ ಬರೆಯುತ್ತೇನೆ.

ಪಶ್ಚಿಮಘಟ್ಟಗಳಲ್ಲಿರುವ ಈ ಶಿಖರವು 1,894 ಮೀಟರು ಎತ್ತರವುಳ್ಳದ್ದು. ದೂರದಿಂದ ನೋಡುವವರಿಗೆ ಇದು ಕುದುರೆಯ ಮುಖದಂತೆ ತೋರುವುದರಿಂದ ಈ ಹೆಸರು ಬಂದಿತು. ಇಲ್ಲಿ ಬೆಟ್ಟದ ಮೈಯೆಲ್ಲ ಹುಲ್ಲು. ಕಣಿವೆಗಳ ಮಡಿಲುಗಳಲ್ಲಿ ಮಾತ್ರ ಶೋಲೆಯೆಂಬ ದಟ್ಟವಾದ ಕುಳ್ಳು ಕಾಡು. ವರ್ಷಕ್ಕೆ ಸುಮಾರು 7,000 ಮಿಲಿಮೀಟರು ಸುರಿಯುವ ಮಳೆಯನ್ನು ಈ ಹುಲ್ಲೂ ಕಾಡೂ ಹೀರಿಟ್ಟುಕೊಂಡು, ಬೇಸಗೆಯಲ್ಲಿ ತೊರೆಗಳಿಗೆ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಈ ಸಾಲಿನಲ್ಲಿ ಹುಟ್ಟುವುವು. ಮೊದಲಿನೆರಡು ಕೂಡಲಿಯಲ್ಲಿ ಸೇರಿ ಕೃಷ್ಣೆಯ ಮೂಲಕ ಮೂಡಣ ಸಮುದ್ರಕ್ಕೆ ಹೋದರೆ, ನೇತ್ರಾವತಿಯು ಮಂಗಳೂರಿನ ಬಳಿ ಪಡುಗಡಲನ್ನು ಸೇರುವುದು. ಒಂದೇ ಬೆಟ್ಟದ ಮಳೆಹನಿಗಳು ಎರಡು ಸಮುದ್ರಗಳ ಪಾಲಾಗುವುದನ್ನು ಭೂಪಟದಲ್ಲಿ ಎಷ್ಟು ತೋರಿಸಿದರೂ ಮಕ್ಕಳಿಗೆ ಹತ್ತದು. ಅಲ್ಲಿ ನಿಂತರೆ ಕ್ಷಣದಲ್ಲಿ ಹತ್ತುವುದು.

ಇದೇ ಮಣ್ಣಿನಲ್ಲಿ ಕಬ್ಬಿಣದ ಅದಿರೂ ಇದೆ. ಅದಕ್ಕಾಗಿ 1976ರಲ್ಲಿ ಸರಕಾರೀ ಕಂಪೆನಿಯೊಂದು ಸ್ಥಾಪಿಸಲ್ಪಟ್ಟಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರು ಪ್ರದೇಶವು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ನದಿಗೂ ಕಾಡಿಗೂ ಹಾನಿಯಾಗುತ್ತಿದೆಯೆಂದು ಜನರು ನ್ಯಾಯಾಲಯದ ಮೊರೆಹೊಕ್ಕ ಮೇಲೆ, ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಯಲ್ಲಿ ಗಣಿಯ ಕೆಲಸ ನಿಂತಿತು. ಕೆಲಸ ಕಳೆದುಕೊಂಡ ಕುಟುಂಬಗಳ ಕಷ್ಟವೂ ಸಣ್ಣದಲ್ಲವೆಂಬುದನ್ನು ನಾವು ಮರೆಯಬಾರದು. ಬಾಲದ ತುದಿಯಲ್ಲಿ ಕುಚ್ಚುಳ್ಳ ಸಿಂಗಳೀಕವು ಈಗಲೂ ಇಲ್ಲಿಯ ಕಾಡುಗಳಲ್ಲಿ ವಾಸವಾಗಿದೆ; ನಮಗಂತೂ ಅದು ಕಾಣಲಿಲ್ಲ.

ಹತ್ತುವ ದಾರಿಯು ಕಳಸದ ಸಮೀಪದ ಮುಳ್ಳೋಡಿಯಿಂದ ಹೊರಡುತ್ತದೆ. ಹೋಗಿಬರಲು ಸುಮಾರು 20 ಕಿಲೋಮೀಟರು. ಅರಣ್ಯ ಇಲಾಖೆಯ ಅಪ್ಪಣೆ ಬೇಕು; ಮೇಲೆ ತಂಗಲು ಅವಕಾಶವಿಲ್ಲ. ಒದ್ದೆಯ ಕಾಲದಲ್ಲಿ ಇಂಬಳಗಳ ಕಾಟವಿರುವುದರಿಂದ ಉಪ್ಪಿನ ಗಂಟೊಂದು ಜತೆಯಲ್ಲಿರಲಿ.

ನಾವು ಶಿಖರಕ್ಕೆ ಸಮೀಪಿಸಿದಾಗ ಇದ್ದಕ್ಕಿದ್ದಂತೆ ಮಂಜು ಕವಿಯಿತು. ಮುಂದೆ ನಡೆಯುತ್ತಿದ್ದ ಊರಿನ ಮಾರ್ಗದರ್ಶಿಯು, "ಅಮ್ಮಾ, ಯಾರೂ ಕದಲಬೇಡಿ, ಇದ್ದಲ್ಲೇ ಕೂತುಕೊಳ್ಳಿ" ಎಂದನು. ಎಣಿಸಿದೆವು, ಒಬ್ಬಳು ಕಡಿಮೆ! ಕೂಗಿದರೆ ಗಾಳಿಯ ಸದ್ದೇ ಉತ್ತರ. ಆ ಅರ್ಧ ಗಂಟೆಯಲ್ಲಿ ಅವಳ ತಾಯಿಯ ಮುಖವು ನನ್ನ ಕಣ್ಣಮುಂದೆ ಎಷ್ಟು ಬಾರಿ ಸುಳಿಯಿತೋ ಹೇಳಲಾರೆ. ಮಂಜು ಹರಿದಾಗ ನೋಡಿದರೆ, ಅವಳು ಕಡಿದಾದ ಇಳಿಜಾರಿಗೆ ಇಪ್ಪತ್ತು ಹೆಜ್ಜೆ ಈಚೆಗೆ ಬಂಡೆಯೊಂದನ್ನು ಆನಿಕೊಂಡು ಕುಳಿತಿದ್ದಳು. ಮಂಜು ಬಂದರೆ ಕುಳಿತುಬಿಡಬೇಕೆಂದು ಬೆಳಿಗ್ಗೆ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು.

ಗದರಿಸಬೇಕೆಂದು ಹೋದ ನಾನು ಅವಳ ಕೈಹಿಡಿದುಕೊಂಡೆನು. "ಕೆಳಗೆ ನೀರಿನ ಸದ್ದು ಕೇಳುತ್ತಿತ್ತು, ಟೀಚರ್, ಇದು ಯಾವ ಸಮುದ್ರಕ್ಕೆ ಹೋಗುವ ನೀರು?" ಎಂದಳು. ಪಡುವಣ ಕಡೆಯದು, ನಮ್ಮ ನೇತ್ರಾವತಿಗೆ ಎಂದೆನು. ಇಳಿಯುವಾಗ ಪ್ರತಿಯೊಂದು ತೊರೆಯ ಬಳಿಯಲ್ಲಿಯೂ ಮಕ್ಕಳನ್ನು ಎಣಿಸಿದೆವು.