ಮಸಿ ಅರಬಿಗೂ ಒಂದು ಲೆಕ್ಕ

ಗೋಕಾಕ ಸೀಮೆಯ ಕೌಜಲಗಿಯ ನಮ್ಮಂಥ ಮನೆಗಳಲ್ಲಿ ಮಸಿ ಅರಬಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಅವ್ವನ ಸೀರೆ, ಅಪ್ಪನ ಧೋತರ ಹರಿದರೆ ಗಟ್ಟಿ ಇದ್ದ ಭಾಗ ಕೌದಿಗೆ ಹೋಗುತ್ತಿತ್ತು, ಉಳಿದದ್ದು ಒಲೆಯ ಮುಂದೆ ಬರುತ್ತಿತ್ತು. ಬೋಗುಣಿ ಇಳಿಸಲು, ಕಟ್ಟೆ ಒರೆಸಲು, ಹಂಚಿನ ಮೇಲಿನ ರೊಟ್ಟಿಗೆ ನೀರು ಹಚ್ಚಲು ಅದೇ ಅರಿವೆ. ಭಾಂಡೆ ತಿಕ್ಕಲು ಒಣಗಿದ ಹೀರೇಕಾಯಿಯ ನಾರೋ ತೆಂಗಿನ ನಾರೋ, ಜೊತೆಗೆ ಒಲೆಯ ಬೂದಿ. ಮನೆಖರ್ಚಿನ ಪಟ್ಟಿಯಲ್ಲಿ ಇದಕ್ಕೊಂದು ಸಾಲೇ ಇರಲಿಲ್ಲ.

ಈಗ ಇದೆ. ಯಾಕೆಂದರೆ ನಾವು ಉಡುವ ಬಟ್ಟೆ ಬದಲಾಗಿದೆ. ದಿನಬಳಕೆಯ ಸೀರೆ, ನೈಟಿ, ಗಂಡಸರ ಅಂಗಿ ಎಲ್ಲದರಲ್ಲೂ ಪಾಲಿಯೆಸ್ಟರ್ ಸೇರಿದೆ. ಅಂಥ ಸೀರೆ ಹರಿದು ಅಡುಗೆಮನೆಗೆ ತಂದರೆ ನೀರನ್ನು ಹೀರುವುದಿಲ್ಲ, ಕಟ್ಟೆಯ ಮೇಲೆ ಆಚೀಚೆ ಸರಿಸುತ್ತದೆ ಅಷ್ಟೇ. ಕಾದ ಹಂಚಿಗೆ ತಾಗಿದರೆ ಕರಗಿ ಅಂಟುತ್ತದೆ. ಹಾಗಾಗಿ ಮೊದಲು ಪುಕ್ಕಟೆ ಸಿಗುತ್ತಿದ್ದ ಅರಿವೆಯನ್ನು ಅಂಗಡಿಯಿಂದ ತರುತ್ತೇವೆ, ಹಸಿರು ಸ್ಕ್ರಬ್ಬರನ್ನೂ ತರುತ್ತೇವೆ. ಅಗ್ಗದ ಸೀರೆಯ ಬೆಲೆ ಲೆಕ್ಕ ಹಾಕುವಾಗ ಈ ಖರ್ಚನ್ನು ಯಾರೂ ಕೂಡಿಸುವುದಿಲ್ಲ. ನನಗೆ ಇದು ಹೊಳೆದದ್ದೇ ಅರಿವೆ, ಸ್ಕ್ರಬ್ಬರುಗಳನ್ನು ನಾನೇ ಹೆಣೆಯಲು ಕ್ರೋಶಾ ಸೂಜಿ ಹಿಡಿದ ಮೇಲೆ.

ಕ್ರೋಶಾ ನಮ್ಮ ಕಡೆ ಹೊಸದಲ್ಲ. ಬಾಗಿಲಿಗೆ ತೋರಣ, ಟಿ.ವಿ. ಮೇಲಿನ ಹೊದಿಕೆ, ಮದುವೆಯ ರುಖವತದಲ್ಲಿ ಇಡಲು ತಟ್ಟೆ ಮುಚ್ಚುವ ಜಾಲರಿ, ಇವನ್ನೆಲ್ಲ ಹೆಣೆದ ಕೈಗಳು ಊರ ತುಂಬ ಇವೆ. ನನಗೆ ಕಲಿಸಿದವರು ನಮ್ಮ ವೈನಿ. ಆದರೆ ತೋರಣದ ದಾರ ಅಡುಗೆಮನೆಗೆ ಬರುವುದಿಲ್ಲ. ಅದು ಕಾಸ್ಟಿಕ್ ಸೋಡಾದಲ್ಲಿ ಹದಮಾಡಿ ಹೊಳಪು ಬರಿಸಿದ ಸಣ್ಣ ಎಳೆ. ನೋಡಲು ಚೆಂದ, ಒರೆಸಲು ಮಂದ. ನಮಗೆ ಬೇಕಾದದ್ದು ಹೊಳಪಿಲ್ಲದ, ದಪ್ಪನೆಯ, ಪೂರ್ತಿ ಹತ್ತಿಯ ದಾರ. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆಯ ನೀರಿನ ಬಲದ ಮೇಲೆ 1880ರ ದಶಕದಲ್ಲೇ ನೂಲಿನ ಗಿರಣಿ ಎದ್ದ ಸೀಮೆ ನಮ್ಮದು. ನೂಲಿನ ನಂಬರ್ ಏರಿದಷ್ಟು ಎಳೆ ಸಣ್ಣದಾಗುತ್ತದೆ ಎಂಬುದು ಇಲ್ಲಿನ ಗಿರಣಿ ಮಂದಿಗೆ ಗೊತ್ತಿರುವ ಮಾತು. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ದಪ್ಪ ಕೇಳಿ. ಉಣ್ಣೆಯಂತೆ ಮೆತ್ತಗಿರುವ ಅಗ್ಗದ ಉಂಡೆಗಳು ಬಹುತೇಕ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್. ಒಂದೆಳೆ ಸುಟ್ಟು ನೋಡಿ: ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ.

ಇನ್ನು ಮನೆಯ ಲೆಕ್ಕ. ದಾರ ಗ್ರಾಂಗೆ ಒಂದು ರೂಪಾಯಿ ಎಂದು ಹಿಡಿಯೋಣ. ನಿಮ್ಮ ಅಂಗಡಿಯ ದರ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ಗೇಣಗಲದ ಒರೆಸುವ ಅರಿವೆಗೆ ಸುಮಾರು 40 ಗ್ರಾಂ, ಅಂಗೈಯಗಲದ ಎರಡು ಪದರದ ಸ್ಕ್ರಬ್ಬರಿಗೆ 15 ಗ್ರಾಂ ಬೇಕು. ಅಂಗಡಿಯ ಸ್ಕ್ರಬ್ಬರಿಗೆ ತಿಂಗಳಿಗೆ 20 ರೂಪಾಯಿ ಹೋಗುವ ಮನೆಯಲ್ಲಿ ವರ್ಷಕ್ಕೆ 240. ಕೈಯಲ್ಲಿ ಹೆಣೆದದ್ದು ಎರಡು ತಿಂಗಳು ಬಾಳಿದರೆ ವರ್ಷಕ್ಕೆ ಆರು, ಅಂದರೆ 90 ರೂಪಾಯಿ ದಾರ. ಉಳಿದದ್ದು 150. ಇದು ಸಣ್ಣ ಮೊತ್ತ, ದೊಡ್ಡದು ಎಂದು ನಾನು ಹೇಳುವುದಿಲ್ಲ. ಅರಿವೆಯಲ್ಲಿ ಲಾಭ ನಿಧಾನಕ್ಕೆ ಕಾಣುತ್ತದೆ. ಒದ್ದೆಯಾದಾಗ ಹತ್ತಿಯ ಎಳೆ ಇನ್ನಷ್ಟು ಗಟ್ಟಿಯಾಗುತ್ತದೆ, ಸೋಡಾ ಹಾಕಿ ಕುದಿಸಿದರೂ ತಡೆಯುತ್ತದೆ. ಹಾಗಾಗಿ ಒಂದು ಅರಿವೆ ವರ್ಷ ದಾಟುತ್ತದೆ. ಸೀದ ಹಾಲಿನ ಪಾತ್ರೆಗೆ ಮಾತ್ರ ಹತ್ತಿಯ ಸ್ಕ್ರಬ್ಬರ್ ಸಾಲದು, ಅದಕ್ಕೆ ತಂತಿಯ ಜುಂಗೇ ಬೇಕು. ಹತ್ತಿಯ ಜೊತೆ ಒಂದೆಳೆ ಸೆಣಬಿನ ಹುರಿ ಸೇರಿಸಿ ಹೆಣೆದರೆ ರೊಟ್ಟಿಹಿಟ್ಟು ಹತ್ತಿದ ಪರಾತಕ್ಕೆ ಸಾಕಾಗುತ್ತದೆ.

ಮನೆಗೆ ಹೆಣೆಯುವಾಗ ಯಾರೂ ಗಂಟೆ ಎಣಿಸುವುದಿಲ್ಲ, ಎಣಿಸಬೇಕಾಗಿಯೂ ಇಲ್ಲ. ಮಾರಲು ಹೊರಟಾಗಲೂ ಎಣಿಸದಿದ್ದರೆ ನಷ್ಟ ಅಲ್ಲಿಂದಲೇ ಶುರುವಾಗುತ್ತದೆ. ನಾನು ಹೆಣೆದದ್ದನ್ನು ನೋಡಿ ಓಣಿಯವರು ಕೇಳುವುದು ಹೀಗೆ: “ಅಕ್ಕಾರ, ಮನ್ಯಾಗ ಕುಂತು ಮಾಡಿದ್ದಲ್ಲೇನ್ರಿ, ಇಪ್ಪತ್ತಕ್ಕ ಕೊಡ್ರಲ್ಲ.” ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಮನೆಯಲ್ಲಿ ಕೂತು ಮಾಡಿದ ಕೆಲಸಕ್ಕೆ ಕೂಲಿ ಇರುವುದಿಲ್ಲ ಎಂದೇ ನಾವೆಲ್ಲ ಬೆಳೆದದ್ದು. ಆಂಧ್ರದ ನರಸಾಪುರದಲ್ಲಿ ಸಾವಿರಾರು ಹೆಂಗಸರು ಕ್ರೋಶಾ ಲೇಸ್ ಹೆಣೆದು ಹೊರದೇಶಕ್ಕೆ ಹೋಗುವ ಸರಕು ತಯಾರಿಸುತ್ತಾರೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಈ ಹೆಂಗಸರನ್ನು ಕುರಿತು 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹೆಣೆಯುವವರನ್ನು ಕೆಲಸಗಾರರೆನ್ನದೆ ಗೃಹಿಣಿಯರೆಂದು ಎಣಿಸಿದ್ದರಿಂದಲೇ ಅವರ ಕೂಲಿ ಅಷ್ಟು ಕೆಳಗಿತ್ತು, ವ್ಯಾಪಾರದ ಲಾಭ ಬೇರೆಯವರಿಗೆ ಸೇರಿತು ಎಂಬುದು ಮೀಸ್ ತೋರಿಸಿಕೊಟ್ಟ ಸಂಗತಿ. ನಮ್ಮ ಓಣಿಯ “ಇಪ್ಪತ್ತಕ್ಕ ಕೊಡ್ರಲ್ಲ” ಕೂಡ ಅದೇ ಎಣಿಕೆಯಿಂದ ಬಂದ ಮಾತು.

ಹಾಗಾದರೆ ಗಂಟೆಗೆ ಎಷ್ಟು? ನಾನು ಸರಕಾರದ ಅಳತೆಯನ್ನೇ ಹಿಡಿಯುತ್ತೇನೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ತಾಸಿಗೆ ಭಾಗಿಸಿದರೆ ತಾಸಿಗೆ 46 ರೂಪಾಯಿ ಚಿಲ್ಲರೆ. ಸೂಜಿ ಹಿಡಿದ ಕೈ ಸಲಿಕೆ ಹಿಡಿದ ಕೈಗಿಂತ ಅಗ್ಗವಾಗಲು ಕಾರಣವೇ ಇಲ್ಲ. ಒರೆಸುವ ಅರಿವೆಗೆ ಎರಡು ತಾಸು ಎಂದರೆ ಕೂಲಿ 92, ದಾರ 40, ಒಟ್ಟು 132. ಈ ಬೆಲೆಗೆ ಕೌಜಲಗಿ ಸಂತೆಯಲ್ಲಿ ಕೊಳ್ಳುವವರು ಸಿಗುವುದಿಲ್ಲ. ಸ್ಕ್ರಬ್ಬರ್ ಇಪ್ಪತ್ತು ನಿಮಿಷದ ಕೆಲಸ: ಕೂಲಿ 15, ದಾರ 15, ಒಟ್ಟು 30. ಅಂಗಡಿಯದಕ್ಕೂ ಇದಕ್ಕೂ ಹತ್ತು ರೂಪಾಯಿ ಅಂತರ, ಬಾಳಿಕೆ ಎರಡರಷ್ಟು. ಇದನ್ನು ಗಿರಾಕಿಗೆ ಎದುರು ನಿಂತು ಹೇಳಬಹುದು, ಅವರೂ ಒಪ್ಪುತ್ತಾರೆ. ಆದ್ದರಿಂದ ಮಾರುವ ಆಸೆಯಿದ್ದರೆ ಸ್ಕ್ರಬ್ಬರ್ ಹೆಣೆಯಿರಿ. ಅರಿವೆಯನ್ನು ಮನೆಗೆ, ಮಗಳ ರುಖವತಕ್ಕೆ ಇಟ್ಟುಕೊಳ್ಳಿ.

ದಾರಕ್ಕಾಗಿ ಸಂಘದಲ್ಲಿ ಸಾಲ ಎತ್ತುವುದು ಬೇಡ. ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಯಾದರೆ 1000 ರೂಪಾಯಿಗೆ ವರ್ಷಕ್ಕೆ 240. ಸ್ಕ್ರಬ್ಬರ್ ಹೆಣೆದು ಮನೆಯಲ್ಲಿ ಉಳಿಸಿದ 150ನ್ನು ಅದೊಂದೇ ನುಂಗಿ ಬಿಡುತ್ತದೆ. ಬದಲಿಗೆ ಮೂರ್ನಾಲ್ಕು ಜನ ಕೂಡಿ ಒಂದು ದೊಡ್ಡ ಕೋನ್ ತರಿಸಿ, ತೂಕ ಮಾಡಿ ಹಂಚಿಕೊಳ್ಳಿ. ಚಿಲ್ಲರೆ ಉಂಡೆಗಿಂತ ತೂಕದ ದಾರ ಅಗ್ಗ ಬೀಳುತ್ತದೆ. ಇಡೀ ಲೆಕ್ಕದಲ್ಲಿ ನಿಮ್ಮ ಕೂಲಿಗೆ ಕೈ ಹಾಕದೆ ಬೆಲೆ ಇಳಿಸಲು ಇರುವ ಜಾಗ ಅದೊಂದೇ. ಮೊದಲ ಕೆಲವನ್ನು ಹೆಣೆಯುವಾಗ ಶುರುಮಾಡಿದ ಹೊತ್ತು, ಮುಗಿಸಿದ ಹೊತ್ತು ಎರಡನ್ನೂ ವಹಿಯಲ್ಲಿ ಬರೆದಿಡಿ. ಕೈಗೆ ವೇಗ ಕೂತ ಮೇಲೆ ಬೆಲೆ ಕಟ್ಟಿ. ಯಾರಾದರೂ ಇಪ್ಪತ್ತಕ್ಕೆ ಕೇಳಿದರೆ ಆ ಹಾಳೆ ತೆರೆದು ತೋರಿಸಿ.