ಎಳೆಗೂಸಿಗೆ ಎದೆಹಾಲು ಸಾಲುತ್ತಿದೆಯೇ?

ಉಡುಪಿ, ಕಾಪು, ಕಾರ್ಕಳ ಕಡೆಯ ಮನೆಗಳಲ್ಲಿ ಹಾಲು ಹೆಚ್ಚಲೆಂದು ಬಾಣಂತಿಗೆ ಮೆಂತೆ ಗಂಜಿ ಕೊಡುವುದುಂಟು. ಗಂಜಿ ಒಳ್ಳೆಯ ಆಹಾರವೇ. ಆದರೆ ಹಾಲು ಹೆಚ್ಚುವುದು ಮುಖ್ಯವಾಗಿ ಮಗು ಚೀಪುವುದರಿಂದ. ಪೂರ್ತಿ ಹಿಂಡದ ಹಸುವಿನ ಹಾಲು ಕಡಿಮೆಯಾಗುತ್ತ ಬರುವುದನ್ನು ರೈತರು ಬಲ್ಲರು. ತಾಯಿಯಲ್ಲೂ ಹಾಗೆಯೇ.

ಮೊದಲ ದಿನ ಒಂದು ಸಲಕ್ಕೆ ಸಣ್ಣ ಚಮಚದಷ್ಟು ಹಳದಿ ಹಾಲು ಬಂದರೂ ಕೂಸಿನ ಹೊಟ್ಟೆಗೆ ಸಾಕು. ಕರುವಿಗೆ ಗಿಣ್ಣುಹಾಲು ಬಿಡುವವರೇ ಮಗುವಿನ ಪಾಲಿನದನ್ನು ಹಿಂಡಿ ಚೆಲ್ಲುವುದು ಸೋಜಿಗ! ಹಾಲು ಸಾಲದೆಂದು ಬಾಟಲಿ ಹಿಡಿಸಿದರೆ ಮಗು ಚೀಪುವುದು ಕಡಿಮೆಯಾಗಿ, ಹಾಲು ನಿಜವಾಗಿಯೂ ಇಳಿಯುತ್ತದೆ. ರಾತ್ರಿಯೂ ಸೇರಿ ದಿನಕ್ಕೆ 8ರಿಂದ 12 ಸಲ ಕುಡಿಸಬೇಕು.

ಐದನೆಯ ದಿನದ ಮೇಲೆ ಮಗು ದಿನಕ್ಕೆ 6 ಸಲವಾದರೂ ಮೂತ್ರ ಮಾಡಬೇಕು. ಕಡಿಮೆಯಾದರೆ, ಅಥವಾ ಮಂಕಾಗಿ ಕುಡಿಯದಿದ್ದರೆ, ಕಾರ್ಕಳದ ತಾಲ್ಲೂಕು ಆಸ್ಪತ್ರೆಯಲ್ಲೋ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲೋ ಅಂದೇ ತೋರಿಸಬೇಕು.